ಆಳವಿಯ ಭಿಕ್ಷುಗಳು, ಚಾಂಪಿಯನ್ ರೀಫ್ಸಿನ ಬೌದ್ಧರು

(ಬಂಗಾರಪೇಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಬೌದ್ಧ ವಿನಯದಲ್ಲಿ ಒಂದು ನಿಯಮವಿದೆ. ಭಿಕ್ಷುವಾದವನು ನೆಲ ಅಗೆಯಬಾರದು, ಬೇರೆಯವರ ಕೈಯಿಂದ ಅಗೆಸಲೂಬಾರದು. ಪಾಚಿತ್ತಿಯ ಎನ್ನುವ ಭಾಗದಲ್ಲಿ ಹತ್ತನೆಯದು. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ಯಾಕೆಂದರೆ ದಕ್ಷಿಣ ಭಾರತದಲ್ಲಿ ಹೊಸಗಾಲದ ಬೌದ್ಧ ಧರ್ಮ ಬೇರು ಬಿಟ್ಟ ಮೊದಲ ಊರುಗಳಲ್ಲಿ ನಮ್ಮ ಕೆಜಿಎಫ್ ಒಂದು, ಮತ್ತು ಅದನ್ನು ಇಲ್ಲಿ ನೆಟ್ಟವರು ಮೂರು ಪಾಳಿಯಲ್ಲಿ ನೆಲ ಅಗೆಯುತ್ತಿದ್ದವರು. ಸಾಮಾನ್ಯ ಅಗೆತವಲ್ಲ, ಚಾಂಪಿಯನ್ ರೀಫ್ಸ್ ಗಣಿ 3 ಕಿಲೋಮೀಟರಿಗಿಂತ ಕೆಳಕ್ಕೆ ಹೋಗಿತ್ತು. ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿ ಕೈಮುಗಿದವರು ಅದೇ ಸಂಜೆ ಶಾಫ್ಟಿನ ಪಂಜರ ಹತ್ತಿ ಭೂಮಿಯ ಹೊಟ್ಟೆಗೆ ಇಳಿಯುತ್ತಿದ್ದರು.

ಇವತ್ತು ನನಗೆ ಕೊಟ್ಟಿರುವ ವಿಷಯ ಬೌದ್ಧ ಆಚರಣೆ ಮತ್ತು ನಮ್ಮ ಸುತ್ತಲಿನ ಜೀವಸಂಕುಲ. ಅಹಿಂಸೆ, ಕರುಣೆ, ಮೈತ್ರಿ ಎಂದು ಮುಕ್ಕಾಲು ಗಂಟೆ ಹೇಳಿ ಇಳಿದುಹೋಗಬಹುದಿತ್ತು. ಆದರೆ ಸೈನೈಡ್ ಗುಡ್ಡದ ನೆರಳಿನಲ್ಲಿ ಬೆಳೆದವರ ಮುಂದೆ ಆ ಮಾತು ನಿಲ್ಲುವುದಿಲ್ಲ. ಅದಕ್ಕೇ ಈ ಅಗೆಯಬಾರದೆಂಬ ನಿಯಮದಿಂದಲೇ ಶುರುಮಾಡುತ್ತೇನೆ.

ಈ ನಿಯಮ ಹುಟ್ಟಿದ್ದು ಆಳವಿ ಎಂಬ ಊರಿನಲ್ಲಿ. ಅಲ್ಲಿನ ಭಿಕ್ಷುಗಳು ವಿಹಾರದ ಕಟ್ಟಡದ ಕೆಲಸಕ್ಕೆ ನಿಂತಿದ್ದರು. ಮಣ್ಣು ಅಗೆದರು. ಮರ ಕಡಿದರು. ಹುಳು ಇರುವ ನೀರೆಂದು ಗೊತ್ತಿದ್ದೂ ಹುಲ್ಲಿಗೂ ಮಣ್ಣಿಗೂ ಚೆಲ್ಲಿದರು. ಈ ಮೂರಕ್ಕೂ ಮೂರು ನಿಯಮಗಳು ಬಂದವು: 10, 11, 20. ಮೂರೂ ಆಳವಿಯಲ್ಲೇ, ಕಟ್ಟಡದ ಕೆಲಸದ ನಡುವೆಯೇ ಬಂದವು. ಊರಿನ ಜನ ಗೊಣಗಿದರು: ಶಾಕ್ಯಪುತ್ರರೆಂದು ಹೇಳಿಕೊಳ್ಳುವ ಇವರು ಒಂದೇ ಇಂದ್ರಿಯದ ಜೀವಕ್ಕೆ ನೋವು ಕೊಡುತ್ತಿದ್ದಾರಲ್ಲ! ಮಣ್ಣಿಗೆ ಜೀವ ಇದೆಯೋ ಇಲ್ಲವೋ ಎಂದು ಬುದ್ಧ ವಾದಕ್ಕೆ ಇಳಿಯಲಿಲ್ಲ. ಮಣ್ಣಿನಲ್ಲಿ ಜೀವವಿದೆ ಎಂದು ಜನ ತಿಳಿದಿದ್ದಾರೆ, ನೀವು ಹೀಗೆ ಮಾಡಬಾರದು ಎಂದು ಭಿಕ್ಷುಗಳನ್ನೇ ಗದರಿದ.

ಮರದ ಕಥೆ ಇನ್ನೂ ಸೊಗಸು. ಕೊಡಲಿ ಹಾಕಿದ ಮರದಲ್ಲಿ ಒಬ್ಬ ವೃಕ್ಷದೇವತೆ ಇದ್ದಳು. ಬೇಡವೆಂದರೂ ಭಿಕ್ಷು ಕೇಳಲಿಲ್ಲ, ಏಟು ಅವಳ ಮಗುವಿನ ತೋಳಿಗೆ ಬಿತ್ತು. ಇವನನ್ನು ಇಲ್ಲೇ ಮುಗಿಸಿಬಿಡಲೇ ಎನ್ನಿಸಿತು ಅವಳಿಗೆ. ಸಿಟ್ಟು ನುಂಗಿಕೊಂಡು ಬುದ್ಧನ ಬಳಿ ದೂರು ಒಯ್ದಳು. ಬುದ್ಧ ಅವಳ ತಾಳ್ಮೆಯನ್ನು ಮೆಚ್ಚಿ, ಇಂಥ ಕಡೆ ಒಂದು ಮರ ಖಾಲಿಯಿದೆ, ಅಲ್ಲಿಗೆ ಹೋಗು ಎಂದ. ಪುನರ್ವಸತಿ ಅಂದರೆ ಅದು! ಮನೆ ಹೋದವಳಿಗೆ ಅರ್ಜಿ ಬರೆದುಕೊಂಡು ಬಾ ಎನ್ನಲಿಲ್ಲ.

ಮಳೆಗಾಲದ ವರ್ಷಾವಾಸವೂ ಜನರ ಗೊಣಗಾಟದಿಂದಲೇ ಬಂದದ್ದು. ಹಕ್ಕಿಗಳೂ ಗೂಡು ಕಟ್ಟಿಕೊಂಡು ಮಳೆಗಾಲ ಕಳೆಯುತ್ತವೆ, ಈ ಸನ್ಯಾಸಿಗಳು ಮಾತ್ರ ಹಸಿರು ಹುಲ್ಲು ತುಳಿದುಕೊಂಡು, ಸಣ್ಣಪುಟ್ಟ ಜೀವಗಳನ್ನು ಕಾಲಡಿ ಹಾಕಿಕೊಂಡು ತಿರುಗುತ್ತಾರೆ ಎಂದು ಜನ ಆಡಿಕೊಂಡರು. ಮಳೆಗಾಲ ಮುಗಿಯುವವರೆಗೂ ಒಂದೇ ಕಡೆ ಇರಿ ಎಂದ ಬುದ್ಧ. ಪ್ರಾಣಿಗಳ ಬಗೆಗಿನ ಬೌದ್ಧ ಶಿಸ್ತಿನಲ್ಲಿ ಬಹಳಷ್ಟು ಮೇಲಿನಿಂದ ಇಳಿದದ್ದಲ್ಲ. ಹೊಲದ ಬದುವಿನಲ್ಲಿ ನಿಂತ ಸಾಮಾನ್ಯರು ಕಂಡದ್ದನ್ನು ಹೇಳಿದರು, ಬುದ್ಧ ಕಿವಿಗೊಟ್ಟ. ಇವತ್ತು ನಾನು ಹೇಳಬೇಕೆಂದಿರುವ ಒಂದೇ ಮಾತು ಇದರಲ್ಲಿದೆ: ನಮ್ಮ ನೆಲದಲ್ಲಿ ಯಾವ ಜೀವ ಎಲ್ಲಿದೆ ಎಂದು ಕಂಡವರು ಬಾಯಿಬಿಟ್ಟು ಹೇಳುವುದೂ ಧರ್ಮದ ಕೆಲಸ. ಕೆಜಿಎಫಿನ ಬೌದ್ಧರಿಗೆ ಅದರ ಹಕ್ಕು ಬೇರೆಯವರಿಗಿಂತ ಒಂದು ತೂಕ ಹೆಚ್ಚೇ ಇದೆ.

ಯಾಕೆ ಹೆಚ್ಚು? ಇಲ್ಲಿನ ಚರಿತ್ರೆಯನ್ನು ಚುಟುಕಾಗಿ ನೆನೆಯುತ್ತೇನೆ, ಹಿರಿಯರಿಗೆ ಗೊತ್ತಿರುವುದೇ. 1898ರಲ್ಲಿ ಪಂಡಿತ ಅಯೋತ್ತಿದಾಸರು ಕರ್ನಲ್ ಆಲ್ಕಾಟ್ ಜೊತೆ ಸಿಂಹಳಕ್ಕೆ ಹೋಗಿ ಬಂದು ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರಲ್ಲಿ ಅವರು ಶುರುಮಾಡಿದ ಪತ್ರಿಕೆಯ ಬೆಲೆ ಒಂದು ಪೈಸೆ. ಹೆಸರೂ ಮೊದಲಿಗೆ ಅದೇ, ‘ಒರು ಪೈಸಾ ತಮಿಳನ್’. ಉತ್ತರ ಆರ್ಕಾಟಿನ ಕಡೆಯಿಂದ ಇಲ್ಲಿಗೆ ಗಣಿ ಕೆಲಸಕ್ಕೆ ಬಂದವರು ಅದನ್ನು ಲೈನ್ ಮನೆಗಳಲ್ಲಿ ಗಟ್ಟಿಯಾಗಿ ಓದಿಸಿ ಕೇಳಿಸಿಕೊಂಡರು. ಮಾರಿಕುಪ್ಪದಲ್ಲಿ, ಚಾಂಪಿಯನ್ ರೀಫ್ಸಿನಲ್ಲಿ ಶಾಖೆಗಳು ಎದ್ದವು. ಅಯೋತ್ತಿದಾಸರು 1914ರಲ್ಲಿ ತೀರಿಕೊಂಡ ಮೇಲೆ ಆ ಚಳವಳಿಯ ಉಸಿರು ಹಿಡಿದು ನಿಂತ ಊರುಗಳಲ್ಲಿ ಇದೂ ಒಂದು. ಚಾಂಪಿಯನ್ ರೀಫ್ಸಿನ ಸಿದ್ಧಾರ್ಥ ಪುಸ್ತಕಶಾಲೆ ಅವರ ಬರಹಗಳನ್ನು ಅಚ್ಚು ಹಾಕಿತು, ಜಿ. ಅಪ್ಪಾದುರೈಯವರು ‘ತಮಿಳನ್’ ಪತ್ರಿಕೆಯನ್ನು ಇಲ್ಲಿಂದಲೇ ಮತ್ತೆ ಹೊರಡಿಸಿದರು. ನಾಗಪುರದಲ್ಲಿ ಅಂಬೇಡ್ಕರರ ದೀಕ್ಷೆ 1956ರಲ್ಲಿ. ಅದಕ್ಕೂ ಅರ್ಧ ಶತಮಾನ ಮೊದಲೇ ಇಲ್ಲಿ ಪಂಚಶೀಲ ಹೇಳುವ ಮನೆಗಳಿದ್ದವು.

ಇಲ್ಲಿ ಒಂದು ಮುಜುಗರದ ಮಾತನ್ನು ಆಡಲೇಬೇಕು. ಪ್ರಾಣಿದಯೆ ಎಂದ ತಕ್ಷಣ ನಿಮ್ಮಲ್ಲಿ ಕೆಲವರ ಮುಖ ಬಿಗಿಯಾದದ್ದನ್ನು ಕಂಡೆ. ಬಿಗಿಯಾಗಬೇಕಾದ್ದೇ. ಈ ದೇಶದಲ್ಲಿ ಪ್ರಾಣಿದಯೆಯನ್ನು ತಟ್ಟೆಯೊಳಗೆ ಇಣುಕುವ ಕೋಲಾಗಿ ಬಳಸಿದ್ದಾರೆ, ಮತ್ತು ಆ ಕೋಲು ಹೆಚ್ಚು ಬಿದ್ದದ್ದು ಇಂಥ ಲೈನ್ ಮನೆಗಳ ಮೇಲೇ. ಅಂಬೇಡ್ಕರರು ‘ಬುದ್ಧ ಮತ್ತು ಆತನ ಧಮ್ಮ’ ಕೃತಿಯಲ್ಲಿ ಇದನ್ನು ಬಹಳ ಸ್ಪಷ್ಟವಾಗಿ ಬಿಡಿಸಿದ್ದಾರೆ: ಬುದ್ಧನ ಅಹಿಂಸೆ ಒಂದು ತತ್ತ್ವ, ಕಟ್ಟಳೆಯಲ್ಲ, ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಹಂಬಲ ಬೇರೆ. ಕಟ್ಟಳೆಯಾದರೆ ಪಾಲಿಸಿದೆಯೋ ಇಲ್ಲವೋ ಎಂದು ಪಕ್ಕದವನು ಲೆಕ್ಕ ಕೇಳುತ್ತಾನೆ. ತತ್ತ್ವವಾದರೆ ಯೋಚಿಸುವ ಹೊರೆ ನಮ್ಮ ಮೇಲೇ ಬೀಳುತ್ತದೆ. ನಾನು ತಟ್ಟೆಯ ವಿಷಯಕ್ಕೆ ಬರುವುದಿಲ್ಲ. ನೆಲದ ವಿಷಯಕ್ಕೆ ಬರುತ್ತೇನೆ.

ನಿಮ್ಮ ಮನೆಯ ಪಕ್ಕದ ನೆಲ. ಗಣಿ ಮುಚ್ಚಿದ್ದು 2001ರ ಫೆಬ್ರುವರಿ ಕೊನೆಯಲ್ಲಿ. 120 ವರ್ಷದಲ್ಲಿ ತೆಗೆದ ಚಿನ್ನ ಎಲ್ಲೆಲ್ಲಿಗೋ ಹೋಯಿತು. ಅರೆದು, ಸೈನೈಡ್ ನೀರಿನಲ್ಲಿ ನೆನೆಸಿ, ಚಿನ್ನ ಹಿಂಡಿಕೊಂಡು ಬಿಸಾಡಿದ ಪುಡಿ ಮಾತ್ರ ಇಲ್ಲೇ ಉಳಿಯಿತು. 13 ಗುಡ್ಡಗಳು, ಸುಮಾರು 3.3 ಕೋಟಿ ಟನ್. ಬಿಸಿಲಿಗೆ ಸೈನೈಡ್ ಒಡೆದು ಹೋಗುತ್ತದೆ, ನಿಜ. ಸಿಲಿಕಾ ಧೂಳು ಎಲ್ಲಿಗೆ ಹೋಗುತ್ತದೆ? ಆಷಾಢದ ಗಾಳಿ ಎದ್ದರೆ ಒಣಹಾಕಿದ ಸೀರೆಯ ಮೇಲೆ, ಅನ್ನದ ತಪ್ಪಲೆಯ ಮುಚ್ಚಳದ ಮೇಲೆ ಬಿಳಿಪುಡಿ ಕೂರುವುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಈ ಗುಡ್ಡಗಳನ್ನು ಮತ್ತೆ ಅಗೆದು ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯದ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಊರಿಗೆ ಕೆಲಸ ಬರುತ್ತದೆ ಎಂಬ ಆಸೆ ಇದೆ; ಬರಲಿ. ಬೆಳಗಿನ ಕತ್ತಲಲ್ಲಿ ಬೆಂಗಳೂರಿನ ರೈಲಿಗೆ ಓಡುವ ಮಕ್ಕಳನ್ನು ಕಂಡವರು ಯಾರೂ ಬೇಡ ಎನ್ನಲಾರರು.

ಆದರೆ ಗುಡ್ಡಗಳ ನಡುವೆ, ಗಣಿ ಸಂಸ್ಥೆಯೂ ಬಿಇಎಂಎಲ್ ಕೂಡ ಬಳಸದೆ ಬಿಟ್ಟ ಬಯಲಿನಲ್ಲಿ ಯಾರಿದ್ದಾರೆ ಎಂದು ನೋಡಿದ್ದೀರಾ? ಕೃಷ್ಣಮೃಗಗಳಿವೆ. ಬೇಲಿ, ಕಾವಲು, ಜನ ಹೋಗದ ಜಾಗ: ಗಣಿ ಕಂಪನಿ ಯಾರಿಗೋ ಹೆದರಿ ಹಾಕಿದ ಪಹರೆ ಇವುಗಳಿಗೆ ಆಸರೆಯಾಯಿತು. ಒಂದು ಬೆಳಗ್ಗೆ ಬಿಳಿಗುಡ್ಡದ ಬುಡದಲ್ಲಿ ಒಂದು ಗಂಡನ್ನು ಕಂಡೆ. ಬೆನ್ನು ಕಡುಗಪ್ಪು, ಹೊಟ್ಟೆ ಬಿಳಿ, ಕೋಡು ತಿರುಪು. ಅದರ ಹಿಂದೆ ತುಕ್ಕು ಹಿಡಿದ ಶಾಫ್ಟಿನ ಗೋಪುರ. ವಿಹಾರಗಳ ಹೆಬ್ಬಾಗಿಲ ಮೇಲೆ ಧರ್ಮಚಕ್ರದ ಎರಡು ಬದಿಗೆ ಎರಡು ಜಿಂಕೆಗಳನ್ನು ಕೂರಿಸುತ್ತಾರಲ್ಲ, ಸಾರನಾಥದ ಮೃಗವನದ ನೆನಪಿಗೆ. ನಮ್ಮಲ್ಲಿ ಜಿಂಕೆ ಜೀವಂತ ಇದೆ, ಚಕ್ರ ಮಾತ್ರ ಗಣಿಯದು.

ರೆವಿನ್ಯೂ ದಾಖಲೆಯಲ್ಲಿ ಇಂಥ ಬಯಲಿಗೆ ‘ಖರಾಬು’ ಎಂದು ಬರೆಯುತ್ತಾರೆ. ಲೈನಿನ ಕಡೆ ‘ಪೊರಂಬೋಕು’. ಹಾಳು ಎಂದು ಬರೆದ ಮೇಲೆ ಉದ್ಧಾರ ಮಾಡಲು ಜನ ಬರುತ್ತಾರೆ. ನಮ್ಮ ಜಿಲ್ಲೆಗೆ ಹಾಗೆ ಬಂದದ್ದು ನೀಲಗಿರಿ. ಹುಲ್ಲು, ತಂಗಡಿ, ಬಂದರೆ, ಕಾರೆ ಗಿಡ ಇದ್ದ ಕಡೆ ಸಾಲಾಗಿ ನೀಲಗಿರಿ ನೆಟ್ಟು ಅದನ್ನು ಅರಣ್ಯವೆಂದು ಕರೆದೆವು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಕೊಳವೆಬಾವಿಗಳು ಪಾತಾಳ ಕಂಡಿದ್ದವು. ಕೃಷ್ಣಮೃಗಕ್ಕೆ ಕಾಡು ಬೇಡ, ಓಡಲು ಬಯಲು ಬೇಕು, ದೂರದಿಂದ ಶತ್ರುವನ್ನು ನೋಡಲು ಗಿಡ್ಡ ಹುಲ್ಲು ಬೇಕು. ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಹುಲ್ಲುಗಾವಲಿಗೆ ನೀಲಗಿರಿ ಹಾಕಿ ಕೈ ಸುಟ್ಟುಕೊಂಡದ್ದು ಎಲ್ಲರಿಗೂ ಗೊತ್ತಿರುವ ಕಥೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 800 ಎಕರೆಗೆ ಸ್ವಲ್ಪ ಕಡಿಮೆ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಅಂಥದ್ದೊಂದು ಇಲ್ಲೂ ಆಗಬಹುದು. ಕೈಗಾರಿಕೆಗೆ ಜಾಗ ಅಳೆಯುವಾಗ ಹುಲ್ಲಿನ ಭಾಗವನ್ನೂ ಅಳೆದು ಬಿಡಿ ಎಂದು ಕೇಳುವುದು ಅಭಿವೃದ್ಧಿಗೆ ಅಡ್ಡ ಮಲಗಿದಂತೆ ಅಲ್ಲ.

ಗಿಡ ನೆಡುವ ಉತ್ಸಾಹದ ಬಗ್ಗೆಯೇ ನನಗೆ ತಕರಾರಿದೆ, ಅದನ್ನೂ ಹೇಳಿಬಿಡುತ್ತೇನೆ. ವೈಶಾಖ ಹುಣ್ಣಿಮೆಗೆ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವ ಪದ್ಧತಿ ನಮ್ಮಲ್ಲೂ ಬಂದಿದೆ. ಥಾಯ್ಲೆಂಡಿನ ಉತ್ತರ ಭಾಗದಲ್ಲಿ 1980ರ ದಶಕದ ಕೊನೆಯಿಂದ ಭಿಕ್ಷುಗಳು ಹಳೆಯ ಮರಗಳಿಗೆ ಕಾವಿ ಸುತ್ತಿ ದೀಕ್ಷೆ ಕೊಡುವ ಕ್ರಮ ಶುರುಮಾಡಿದರು. ಮರ ಸಂಘಕ್ಕೆ ಸೇರಿದ ಮೇಲೆ ಕೊಡಲಿ ಎತ್ತಲು ಕೈ ನಡುಗುತ್ತದೆ. ಗಮನಿಸಿ, ಅವರು ಇರುವ ಮರವನ್ನು ಉಳಿಸಿದರು. ಹೊಸದು ನೆಡುವುದು ಸುಲಭ, ಇದ್ದದ್ದನ್ನು ಮುಟ್ಟದೆ ಬಿಡುವುದು ಕಷ್ಟ.

ಮೀನು ಬಿಡುವ ಪುಣ್ಯವೂ ಹೀಗೇ. ಪೂರ್ವ ಏಷ್ಯಾದ ಬೌದ್ಧರಲ್ಲಿ ಕೊಂಡುತಂದ ಪ್ರಾಣಿಗಳನ್ನು ಬಿಡುಗಡೆ ಮಾಡುವ ದೊಡ್ಡ ಸಂಪ್ರದಾಯವಿದೆ. ಬಿಡುಗಡೆಗೆಂದೇ ಹಿಡಿದು ಮಾರುವ ವ್ಯಾಪಾರವೂ ಅದರ ಬೆನ್ನಿಗೇ ಬೆಳೆದಿದೆ. ಬಿಟ್ಟದ್ದು ಅಮೆರಿಕದ ಕೆಂಪುಕಿವಿ ಆಮೆಯಾದರೆ ಊರಿನ ಆಮೆಗೆ ಕೇಡು. ನಮ್ಮ ಕಡೆ ಯಾರೋ ಒಳ್ಳೆಯ ಮನಸ್ಸಿನಿಂದ ಕೆರೆಗೆ ಬಕೆಟ್ ಮಗುಚಿದ್ದನ್ನು ನಾನೇ ಒಮ್ಮೆ ನೋಡಿದೆ. ಒಳಗಿದ್ದದ್ದು ಆಫ್ರಿಕನ್ ಕ್ಯಾಟ್‌ಫಿಶ್. ನಮ್ಮ ದೇಶದಲ್ಲಿ ಸಾಕಲು ನಿಷೇಧವಿರುವ ಮೀನು; ಕೆರೆಯಲ್ಲಿರುವ ಗೆಂಡೆ, ಕಪ್ಪೆ, ಬಾತುಮರಿ ಯಾವುದನ್ನೂ ಬಿಡುವುದಿಲ್ಲ. ಹತ್ತು ಮೀನಿಗೆ ಜೀವದಾನ, ಇಡೀ ಕೆರೆಗೆ ಮರಣದಂಡನೆ! ನಾನು ಬಾಯಿಬಿಡಲಿಲ್ಲ ಅವತ್ತು. ಆ ಅಮ್ಮ ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದರು, ನನಗೆ ಧೈರ್ಯ ಬರಲಿಲ್ಲ. ಪ್ರಾಣಿಶಾಸ್ತ್ರ ಪಾಠ ಮಾಡಿ ಪಿಂಚಣಿ ತಗೊಳ್ಳುವವನು ನಾನು.

ಈಗ ಬಾವಲಿಯ ಮಾತು. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ.

ಕೋಲಾರದ ಹೆಸರನ್ನು ಚಿನ್ನ ಬಿಟ್ಟರೆ ಲೋಕಕ್ಕೆ ಸಾರುವ ಇನ್ನೊಂದು ವಸ್ತು ಇದೆ, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಸಣ್ಣದು. ಕೋಲಾರದ ಎಲೆಮೂಗಿನ ಬಾವಲಿ. ಕಾಕ್ ಮತ್ತು ಭಟ್ ಎಂಬ ಇಬ್ಬರು ವಿಜ್ಞಾನಿಗಳು 1994ರಲ್ಲಿ ಇದನ್ನು ಹೊಸ ಪ್ರಭೇದವೆಂದು ಗುರುತಿಸಿದರು. ಮೂಗಿನ ಮೇಲೆ ಎಲೆಯಂಥ ಚರ್ಮದ ಮಡಿಕೆ. ಆ ಮೂಗಿನಿಂದಲೇ ಕೂಗು ಹೊರಡಿಸಿ, ಪ್ರತಿಧ್ವನಿ ಹಿಡಿದು ಕತ್ತಲಲ್ಲಿ ಹುಳುಹುಪ್ಪಟೆ ಹಿಡಿಯುತ್ತದೆ. ಕೋಲಾರದ ಹತ್ತಿರದ ತೇರಹಳ್ಳಿ ಬೆಟ್ಟದಲ್ಲೂ ಹಿಂದೆ ಇತ್ತು, ಈಗಿಲ್ಲ. ಈಗ ಇಡೀ ಭೂಮಿಯ ಮೇಲೆ ಇದು ಇರುವುದಾಗಿ ತಿಳಿದಿರುವುದು ನಮ್ಮ ಜಿಲ್ಲೆಯ ಹನುಮನಹಳ್ಳಿಯ ಒಂದೇ ಗವಿಯಲ್ಲಿ, 200ಕ್ಕಿಂತ ಕಡಿಮೆ. ಗ್ರಾನೈಟ್ ಕಲ್ಲಿಗೆ ಬಂಡೆ ಸಿಡಿಸುವವರು ಆ ಗವಿಯ ಹತ್ತಿರದವರೆಗೂ ಬಂದಿದ್ದರು. ಬಾವಲಿ ಅಧ್ಯಯನ ಮಾಡುವ ಕೆಲವರು ಹಟ ಹಿಡಿದು ಅರಣ್ಯ ಇಲಾಖೆಯ ಬೆನ್ನುಬಿದ್ದ ಮೇಲೆ ಗವಿಯ ಸುತ್ತಲಿನ ಸುಮಾರು 30 ಎಕರೆಗೆ ರಕ್ಷಣೆ ಸಿಕ್ಕಿತು. ಒಂದು ಜಾತಿಯ ಜೀವದ ಇಡೀ ದೇಶವೇ ಒಂದು ಗವಿ. ಒಂದು ಸಿಡಿಮದ್ದಿನ ಮಧ್ಯಾಹ್ನಕ್ಕೆ ಮುಗಿದುಹೋಗಬಹುದಾದ ದೇಶ.

ನಮಗೂ ಬಾವಲಿಗೂ ಅಷ್ಟಕ್ಕಷ್ಟೆ. ಮನೆಗೆ ಬಂದರೆ ಅಪಶಕುನ, ಹುಣಸೆಮರದಲ್ಲಿ ನೇತಾಡಿದರೆ ದೆವ್ವ. ಆದರೆ ಅಶೋಕ ಏನು ಮಾಡಿದ ಗೊತ್ತೇ? ಪಟ್ಟವಾಗಿ 26 ವರ್ಷಕ್ಕೆ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಕೊಟ್ಟ. ಗಿಳಿ, ಗೊರವಂಕ, ಚಕ್ರವಾಕ, ಹಂಸ ಆದ ಮೇಲೆ ‘ಜತೂಕಾ’ ಎಂಬ ಹೆಸರು ಬರುತ್ತದೆ. ವಿದ್ವಾಂಸರು ಅದನ್ನು ಬಾವಲಿ ಎಂದೇ ಓದುತ್ತಾರೆ. ಆಮೆ, ಇರುವೆಯ ಒಂದು ಬಗೆ, ಮೂಳೆಯಿಲ್ಲದ ಮೀನು ಕೂಡ ಇವೆ. ಜೀವಗಳಿರುವ ಹೊಟ್ಟಿಗೆ ಬೆಂಕಿ ಹಚ್ಚಬಾರದು, ಸುಮ್ಮಸುಮ್ಮನೆ ಅಥವಾ ಪ್ರಾಣಿಗಳನ್ನು ಕೊಲ್ಲುವುದಕ್ಕೆಂದು ಕಾಡಿಗೆ ಬೆಂಕಿ ಇಡಬಾರದು ಎಂದೂ ಇದೆ. ಬೇಸಗೆಯಲ್ಲಿ ನಮ್ಮ ಗುಡ್ಡಗಳು ರಾತ್ರಿ ಸರದಂತೆ ಉರಿಯುವಾಗ ನನಗೆ ಆ ಸಾಲು ನೆನಪಾಗುತ್ತದೆ. ಆ ಶಾಸನದಲ್ಲಿ ನನಗೆ ಇಷ್ಟವಾದದ್ದು ಪಟ್ಟಿಯೇ. ಸಕಲ ಜೀವಿಗಳಿಗೂ ದಯೆ ತೋರಿ ಎಂದು ಒಂದೇ ಉಸಿರಿಗೆ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಅವನು ಒಂದೊಂದರ ಹೆಸರು ಹಿಡಿದು ಕರೆದ.

ಗಡಿಯ ಈ ಊರಿನಲ್ಲಿ ಬಾವಲಿಗೆ ತೆಲುಗಿನವರು ಗಬ್ಬಿಲಂ ಎನ್ನುತ್ತಾರೆ. ಆ ಹೆಸರಿನಲ್ಲೇ ಗುರ್ರಂ ಜಾಷುವಾ 1941ರಲ್ಲಿ ಒಂದು ಕಾವ್ಯ ಬರೆದರು. ಅಸ್ಪೃಶ್ಯನೊಬ್ಬ ತನ್ನ ಅಹವಾಲನ್ನು ಶಿವನಿಗೆ ಮುಟ್ಟಿಸಲು ಬಾವಲಿಯನ್ನು ದೂತನಾಗಿ ಕಳಿಸುತ್ತಾನೆ. ಕಾಳಿದಾಸನ ಯಕ್ಷನಿಗೆ ಮೋಡ ಸಿಕ್ಕಿತು, ಇವನಿಗೆ ಬಾವಲಿ. ಯಾಕೆಂದರೆ ಇವನನ್ನು ಬಿಡದ ಗುಡಿಯೊಳಕ್ಕೆ ಅದು ಯಾರನ್ನೂ ಕೇಳದೆ ಹೋಗಿ ನೇತಾಡಬಲ್ಲದು. ಕರಾಳ ಕತ್ತಲಿನಲ್ಲಿ ಕೆಲಸ ಮಾಡಿ, ಅಪಶಕುನವೆಂದು ಕರೆಸಿಕೊಂಡು ಬದುಕಿದ ಜೀವ ಯಾವುದು ಎಂದು ಚಾಂಪಿಯನ್ ರೀಫ್ಸಿನವರಿಗೆ ನಾನು ವಿವರಿಸಬೇಕೇ?

ನೀರಿನ ಬಗ್ಗೆ ಎರಡು ಮಾತು. ಭಿಕ್ಷುವಿನ ಎಂಟು ಪರಿಕರಗಳಲ್ಲಿ ಒಂದು ಸೋಸುಬಟ್ಟೆ. ಒಬ್ಬ ಭಿಕ್ಷು ದಾರಿಯಲ್ಲಿ ಜೊತೆಗಾರನನ್ನು ಬಟ್ಟೆ ಕೇಳಿದ, ಮುನಿಸಿನಿಂದ ಅವನು ಕೊಡಲಿಲ್ಲ, ಕೇಳಿದವನು ಸೋಸದ ನೀರು ಕುಡಿಯಲೊಲ್ಲದೆ ಬಾಯಾರಿ ಸತ್ತ. ಕೇಳಿದವರಿಗೆ ಕೊಡಲೇಬೇಕು, ಸೋಸುಬಟ್ಟೆಯಿಲ್ಲದೆ ದಾರಿ ಹಿಡಿಯಬಾರದು ಎಂಬ ನಿಯಮ ಆಮೇಲೆ ಬಂತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುತ್ತಿದ್ದಾರೆ. ಒಣಗಿದ ಕೆರೆಯಲ್ಲಿ ನೀರು ನಿಂತದ್ದನ್ನು ಕಂಡು ನಾನೂ ಖುಷಿಪಟ್ಟವನೇ. ಕೊಕ್ಕರೆ, ಬಾತು ಮತ್ತೆ ಇಳಿದಿವೆ. ಮೊದಲ ವರ್ಷವೇ ನೊರೆ ಬಂದು ವಿಷಯ ನ್ಯಾಯಾಲಯಕ್ಕೆ ಹೋಯಿತು. ಮೂರನೆಯ ಹಂತದ ಶುದ್ಧೀಕರಣ ಮಾಡಿ ಎಂದು ರೈತರು ಅಂದಿನಿಂದ ಕೇಳುತ್ತಿರುವುದು ಆ ಸೋಸುಬಟ್ಟೆಯನ್ನೇ.

ಆನೆಗಳನ್ನು ಬಿಟ್ಟೆ ಎಂದು ಕಾಮಸಮುದ್ರದ ಕಡೆಯವರು ನೋಡುತ್ತಿದ್ದಾರೆ. ಬಿಟ್ಟದ್ದು ಬೇಕೆಂದೇ. ತಮಿಳುನಾಡು, ಆಂಧ್ರದ ಗಡಿಕಾಡಿನಿಂದ ಬಂದು ರಾಗಿ ತೆನೆಯನ್ನೂ ಟೊಮೆಟೊ ತೋಟವನ್ನೂ ತುಳಿದು, ಮನುಷ್ಯರನ್ನೂ ಕೊಂದಿರುವ ಪ್ರಾಣಿಯ ಬಗ್ಗೆ ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತು ಮೈತ್ರಿ ಬೋಧಿಸಲು ನನಗೆ ನಾಲಗೆ ಬರುವುದಿಲ್ಲ. ಪರಿಹಾರದ ಹಣ ಬೇಗ ಬಂದರೆ ಅಲ್ಲಿ ಮೈತ್ರಿ ತಾನೇ ಹುಟ್ಟೀತು.

ಕೊನೆಗೆ ಒಂದು ಕಾಗದ ತೋರಿಸುತ್ತೇನೆ. ಮಾರಿಕುಪ್ಪದ ಒಬ್ಬ ನಿವೃತ್ತ ಗಣಿ ಕಾರ್ಮಿಕರ ಜೊತೆ ಕಳೆದ ಬೇಸಗೆಯಲ್ಲಿ ಗುಡ್ಡದ ಬುಡದಲ್ಲಿ ನಡೆಯುತ್ತಿದ್ದೆ. ಸಟ್ಟನೆ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. “ಸಾರ್, ಕಾಲು ಎತ್ತಬೇಡಿ.” ಬೂಟಿನಿಂದ ಒಂದು ಗೇಣು ದೂರದಲ್ಲಿ, ಜಲ್ಲಿಕಲ್ಲಿನ ನಡುವೆ, ಜಲ್ಲಿಯದೇ ಬಣ್ಣದ ನಾಲ್ಕು ಮೊಟ್ಟೆ. ಮೊನೆಗಳೆಲ್ಲ ಒಳಮುಖ. ತಲೆಯ ಮೇಲೆ ತಾಯಿಹಕ್ಕಿ ಅರಚುತ್ತಿತ್ತು. ಟಿಟ್ಟಿಭ ಎಂದೆ ನಾನು. “ನಾವು ಆಳ್ಕಾಟ್ಟಿ ಅಂತೀವಿ ಸಾರ್, ಆಳು ಬಂದ ಅಂತ ತೋರಿಸಿಕೊಡುತ್ತೆ,” ಎಂದರು. ಮೊಟ್ಟೆಗಳ ಸುತ್ತ ಒಂದು ಮಾರು ಬಿಟ್ಟು ನಾಲ್ಕು ದಪ್ಪ ಕಲ್ಲುಗಳು ಕೂತಿದ್ದವು. ಮೇಕೆ ಮೇಯಿಸುವ ಹುಡುಗರಿಗೆ ಗುರುತಿಗೆಂದು ಅವರೇ ಇಟ್ಟದ್ದು. ಗಣಿಯೊಳಗೆ ಏರ್‌ಬ್ಲಾಸ್ಟ್ ಆಗಿ ಬಂಡೆ ಸಿಡಿಯುವ ಮುಂಚೆ ಬಂಡೆಯ ಸದ್ದು ಕೇಳಿಸಿಕೊಂಡು ಪ್ರಾಣ ಉಳಿಸಿಕೊಂಡ ಕಿವಿ ಅವರದು. ಹಕ್ಕಿಯ ಕೂಗಿನಲ್ಲೇ ಮೊಟ್ಟೆ ಎಷ್ಟು ದೂರವಿದೆ ಎಂದು ಹೇಳುತ್ತಾರೆ.

ಅವತ್ತು ಅಶೋಕನ ಪಟ್ಟಿಯ ಕಥೆ ಹೇಳಿದೆ. ಮುಂದಿನ ವಾರ ಹೋದಾಗ ಈ ಕಾಗದ ಕೊಟ್ಟರು. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿ. ಗುಡ್ಡ, ಬಯಲು, ಮುಚ್ಚಿದ ಶಾಫ್ಟಿನ ಬಾಯಿ, ಇಲ್ಲೆಲ್ಲ ಅವರು ಕಂಡಿರುವ ಜೀವಗಳ ಹೆಸರು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಇದೆ. ಕೃಷ್ಣಮೃಗ, ಉಡ, ಮುಂಗುಸಿ, ಮೊಲ, ನರಿ, ಗೌಜಲಹಕ್ಕಿ, ಹೀಗೆ. ಹದಿನೇಳನೆಯದು ಬಾವಲಿ, ಪಕ್ಕದಲ್ಲಿ ವವ್ವಾಲ್, ಗಬ್ಬಿಲಂ. ಹದಿನೆಂಟು ಎಂದು ಅಂಕಿ ಹಾಕಿ ಬಿಟ್ಟಿದ್ದಾರೆ. ಬರುವ ವೈಶಾಖ ಹುಣ್ಣಿಮೆಯ ಸಂಜೆ ಪಂಚಶೀಲ ಆದ ಮೇಲೆ ಇದನ್ನು ಓದಬೇಕೆಂದು ಅವರ ಆಸೆ.

ಹೊರಗೆ ಟೀ ಇಟ್ಟಿದ್ದಾರೆ. ಹದಿನೆಂಟನೆಯ ಸಾಲಿಗೆ ಹೆಸರು ಗೊತ್ತಿದ್ದವರು ಅಲ್ಲಿ ಬಂದು ಬರೆಸಿ. ಪೆನ್ನು ನನ್ನ ಹತ್ತಿರ ಇದೆ.